ಹಳೆಯ ಡೆಸ್ಕ್‌ಟಾಪ್‌ಗೆ ಸ್ಯಾಮ್‌ಸಂಗ್ 870 ಇವೊ: ಲೆಕ್ಕ ಬರೆಯುವವಳ ಆಯ್ಕೆ

ಬಳ್ಳಾರಿಯ ಜೀನ್ಸ್ ಘಟಕಗಳ ಲೆಕ್ಕಪತ್ರವನ್ನು ಮನೆಯಲ್ಲೇ ಕುಳಿತು ಬರೆಯುವವಳು ನಾನು. ಪ್ರತಿ ತಿಂಗಳು ಜಿಎಸ್‌ಟಿ ವಿವರಪಟ್ಟಿಗಳಾದ ಜಿಎಸ್‌ಟಿಆರ್-1 ಅನ್ನು 11ರೊಳಗೆ, 3ಬಿ ಅನ್ನು 20ರೊಳಗೆ ಸಲ್ಲಿಸಬೇಕು. ಆ ದಿನಗಳಲ್ಲಿ ಕಂಪ್ಯೂಟರ್ ಕೈಕೊಟ್ಟರೆ ದಂಡ ಕಟ್ಟುವವರು ಹಗಲಿರುಳು ಹೊಲಿಗೆ ಯಂತ್ರದ ಮುಂದೆ ಕೂರುವ ಸಣ್ಣ ಮಾಲೀಕರು. ಆದ್ದರಿಂದ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಡ್ರೈವ್) ಹಾಕಿಸಲು ಹೊರಟಾಗ ವೇಗಕ್ಕಿಂತ ಬಾಳಿಕೆಯನ್ನೇ ಮೊದಲು ವಿಚಾರಿಸಿದೆ. ಕೊಂಡದ್ದು ಸ್ಯಾಮ್‌ಸಂಗ್ 870 ಇವೊ, 500 ಜಿಬಿ. ತುಂಬಾ ಒಪ್ಪಿಗೆಯಾಗಿದೆ.

ಎನ್‌ವಿಎಂಇ ಎಂಬ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿಗಳ ಡಬ್ಬಿಯ ಮೇಲೆ ಸೆಕೆಂಡಿಗೆ 3,500, 7,000 ಎಂಬಿ ಎಂದೆಲ್ಲ ಅಚ್ಚಾಗಿರುತ್ತದೆ. ನನ್ನ ಹಳೆಯ ಎಚ್81 ಮದರ್‌ಬೋರ್ಡ್‌ನಲ್ಲಿ ಅದನ್ನು ಕೂರಿಸುವ ಎಂ.2 ಸ್ಲಾಟ್ ಇಲ್ಲವೇ ಇಲ್ಲ. ಇದ್ದಿದ್ದರೂ ನನ್ನ ಕೆಲಸಕ್ಕೆ ಹೆಚ್ಚಿನ ಲಾಭ ಕಾಣುತ್ತಿರಲಿಲ್ಲ. ನಾನು ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ; ಅದರ ಲೆಕ್ಕವೆಲ್ಲ ಸಣ್ಣ ಸಣ್ಣ ಕಡತಗಳು. ಹಾರ್ಡ್ ಡಿಸ್ಕ್‌ನ ಮುಳ್ಳು ಅವುಗಳನ್ನು ಹುಡುಕುತ್ತಾ ಅತ್ತಿತ್ತ ಓಡಾಡುವುದರಲ್ಲೇ ಸಮಯ ಹೋಗುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಆ ಓಡಾಟವೇ ಇಲ್ಲ. ಇವೊದಂತೆ ಸಾಟಾ ಕೇಬಲ್‌ನಲ್ಲಿ ಜೋಡಿಸುವ ಡ್ರೈವ್‌ನ ಮಿತಿ ಸೆಕೆಂಡಿಗೆ ಸುಮಾರು 550 ಎಂಬಿ ಆದರೂ ಈಗ ಟ್ಯಾಲಿಯಲ್ಲಿ ಒಂದು ಘಟಕದ ಲೆಕ್ಕ ತೆರೆಯಲು ಕಾಯುವ ಮಾತಿಲ್ಲ.

ಬೆಂಗಳೂರು ರಸ್ತೆಯ ಅಂಗಡಿಯಲ್ಲಿ, "ಮೇಡಂ, ಇನ್ನು ಸ್ವಲ್ಪ ಹಾಕಿದರೆ 870 ಕ್ಯೂವಿಒದಲ್ಲಿ ಒಂದು ಟಿಬಿಯೇ ಸಿಗುತ್ತದೆ" ಎಂದರು. ಒಂದೇ ಕಂಪನಿ, ಒಂದೇ ಆಕಾರ. ಆದರೆ ಒಳಗಿನ ಸರಕು ಬೇರೆ. ಇವೊದಲ್ಲಿ ಮಾಹಿತಿ ಹಿಡಿದಿಡುವ ಒಂದೊಂದು ಕೋಶಕ್ಕೆ ಮೂರು ಬಿಟ್, ಕ್ಯೂವಿಒದಲ್ಲಿ ನಾಲ್ಕು. ಬಿಟ್ ಹೆಚ್ಚಿದಷ್ಟೂ ಕೋಶ ಬೇಗ ಸವೆಯುತ್ತದೆ, ಬರವಣಿಗೆ ನಿಧಾನವಾಗುತ್ತದೆ. ಒಂದು ಟಿಬಿ ಕ್ಯೂವಿಒದಲ್ಲಿ ಒಮ್ಮೆಲೇ ದೊಡ್ಡ ಕಡತ ತುಂಬಿಸುತ್ತಾ ಹೋದರೆ, 42 ಜಿಬಿಯ ವೇಗದ ಜಾಗ ಭರ್ತಿಯಾದ ಮೇಲೆ ವೇಗ ಸೆಕೆಂಡಿಗೆ 80 ಎಂಬಿಗೆ ಇಳಿಯುತ್ತದೆಂದು ಕಂಪನಿಯ ವಿವರಪತ್ರವೇ ಹೇಳುತ್ತದೆ. ಅದು ಹಾರ್ಡ್ ಡಿಸ್ಕ್‌ಗಿಂತಲೂ ಕಡಿಮೆ! ವಾರಂಟಿ ಕ್ಯೂವಿಒಗೆ 3 ವರ್ಷ, ಇವೊಗೆ 5 ವರ್ಷ ಅಥವಾ 300 ಟಿಬಿ ಬರೆಯುವವರೆಗೆ, ಯಾವುದು ಮೊದಲೋ ಅದು. ದಿನಕ್ಕೆ ಹಂಚಿದರೆ 160 ಜಿಬಿಗೂ ಮಿಕ್ಕಿ. ಅಷ್ಟು ಬರೆಯುವ ಮನೆ ಎಲ್ಲಿದೆ? ಸಿನಿಮಾ, ಫೋಟೊ ತುಂಬಿಡುವವರಿಗೆ ಕ್ಯೂವಿಒ ಸರಿಹೋಗಬಹುದು; ದಿನವಿಡೀ ಬರೆದು ಅಳಿಸುವ ಲೆಕ್ಕದ ಕೆಲಸಕ್ಕೆ ನಾನು ಇವೊವನ್ನೇ ಹೇಳುತ್ತೇನೆ.

ಜೋಡಿಸುವಾಗ ಎದುರಿಗೇ ನಿಂತು ನೋಡಿ. ಎಚ್81ರಲ್ಲಿ ನಾಲ್ಕು ಸಾಟಾ ಕಿಂಡಿಗಳಿವೆ. ಎರಡು ಮಾತ್ರ ಸೆಕೆಂಡಿಗೆ 6 ಗಿಗಾಬಿಟ್‌ನವು, ಉಳಿದೆರಡು 3ರವು. ನನ್ನ ಬೋರ್ಡ್‌ನಲ್ಲಿ ಕಿಂಡಿಯ ಪಕ್ಕ ಬಿಳಿ ಅಕ್ಷರದಲ್ಲಿ 'ಸಾಟಾ 6ಜಿ' ಎಂದು ಬಹಳ ಸಣ್ಣದಾಗಿ ಬರೆದಿದೆ. ಧೂಳು ಒರೆಸಿ, ಮೊಬೈಲ್ ಟಾರ್ಚ್ ಹಿಡಿದ ಮೇಲೆಯೇ ಕಂಡಿತು. ತಪ್ಪು ಕಿಂಡಿಗೆ ಸಿಕ್ಕಿಸಿದರೆ ಕೆಲಸ ನಡೆಯುತ್ತದೆ, ವೇಗ ಮಾತ್ರ ಅರ್ಧ. ಯಾರೂ ಹೇಳುವುದಿಲ್ಲ.

ಬೇಸರವೂ ಇದೆ. ಡಬ್ಬಿಯಲ್ಲಿ ಕೇಬಲ್ ಇಲ್ಲ, ಸ್ಕ್ರೂ ಇಲ್ಲ, ಎರಡೂವರೆ ಇಂಚಿನ ಡ್ರೈವನ್ನು ದೊಡ್ಡ ಗೂಡಿಗೆ ಹೊಂದಿಸುವ ಪಟ್ಟಿಯೂ ಇಲ್ಲ. ಇಷ್ಟು ಬೆಲೆಯ ಸಾಮಾನಿಗೆ ಇದು ಸಲ್ಲದು. 500 ಜಿಬಿ ಎಂದದ್ದು ವಿಂಡೋಸ್‌ನಲ್ಲಿ 465 ಎಂದು ಕಂಡರೆ ಗಾಬರಿ ಬೇಡ, ಅದು ಎಣಿಕೆಯ ಕ್ರಮದ ವ್ಯತ್ಯಾಸ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮನೆಬಳಕೆಯ ಇಂಥ ಡ್ರೈವ್‌ಗಳಲ್ಲಿ ಕರೆಂಟು ಹೋದಾಗ ಬರೆಯುತ್ತಿದ್ದ ಮಾಹಿತಿಯನ್ನು ಕಾಪಾಡುವ ಕೆಪಾಸಿಟರ್ ಇರುವುದಿಲ್ಲ. ಹೇಳದೆ ಕೇಳದೆ ಕರೆಂಟು ಹೋಗುವ ನಮ್ಮ ಬೇಸಿಗೆಯಲ್ಲಿ ಯುಪಿಎಸ್ ಇಲ್ಲದೆ ಇದನ್ನು ಓಡಿಸಬೇಡಿ. ಹಾರ್ಡ್ ಡಿಸ್ಕ್ ಎಷ್ಟೋ ಸಲ ಕಟಕಟ ಸದ್ದು ಮಾಡಿ ಮುನ್ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಸದ್ದೇ ಇಲ್ಲದೆ ನಿಂತುಬಿಡಬಹುದು. ಹಳೆಯ ಡಿಸ್ಕನ್ನು ನಾನು ಅದೇ ಪೆಟ್ಟಿಗೆಯಲ್ಲಿ, ಆ 3 ಗಿಗಾಬಿಟ್ ಕಿಂಡಿಯಲ್ಲಿ ಉಳಿಸಿಕೊಂಡಿದ್ದೇನೆ. ಪ್ರತಿ ಸಂಜೆ ಟ್ಯಾಲಿಯ ಬ್ಯಾಕಪ್ ಅದಕ್ಕೆ ಹೋಗುತ್ತದೆ, ವಾರಕ್ಕೊಮ್ಮೆ ಪೆನ್ ಡ್ರೈವ್‌ಗೂ.