ಕ್ಯಾವೆಂಡಿಶ್ ಮನೆತನದ ಜಾಡಿನಲ್ಲಿ ಒಂದು ದಿನ: ಡರ್ಬಿಶೈರ್‌ನ ಮಾರ್ಗದರ್ಶಿ ಪ್ರವಾಸವೊಂದರ ವಿಮರ್ಶೆ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಎರಡು ಮಹಲುಗಳನ್ನೂ ಒಂದು ಚರ್ಚಿನ ಅಂಗಳವನ್ನೂ ಒಂದೇ ದಿನದಲ್ಲಿ ತೋರಿಸಿ, ಡೆವನ್‌ಶೈರ್ ಡ್ಯೂಕ್‌ಗಳಾದ ಕ್ಯಾವೆಂಡಿಶ್ ಮನೆತನದ ಚರಿತ್ರೆಯನ್ನು ಹೇಳುವ ಪ್ರವಾಸವೊಂದಕ್ಕೆ ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ಶೆಫೀಲ್ಡ್‌ನಿಂದ ಬೆಳಿಗ್ಗೆ ಹೊರಡುವ ಸಣ್ಣ ವ್ಯಾನು, ಹನ್ನೆರಡು ಮಂದಿ ಪ್ರವಾಸಿಗರು, ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಒಬ್ಬ ಮಹಿಳೆ ಮಾರ್ಗದರ್ಶಿ: ಇಷ್ಟೇ ಅದರ ಬಂಡವಾಳ. ಮಹಲುಗಳ ಚೆಲುವನ್ನು ನೋಡಲು ಯಾವ ಮಾರ್ಗದರ್ಶಿಯೂ ಬೇಕಿಲ್ಲ. ಆದರೆ ಒಂದು ಬಿರುದು ನಾನೂರು ವರ್ಷಗಳ ಕಾಲ ಯಾರಿಂದ ಯಾರಿಗೆ, ಯಾವ ನಿಯಮದಂತೆ, ಯಾರ ಸಾವಿನಿಂದಾಗಿ ದಾಟಿ ಬಂತೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಒಬ್ಬರು ಬೇಕೇ ಬೇಕು. ಆ ಕೆಲಸವನ್ನು ಈ ಪ್ರವಾಸವು ಬಹುಮಟ್ಟಿಗೆ ಚೆನ್ನಾಗಿ ಮಾಡುತ್ತದೆ. ಕೊನೆಯಲ್ಲಿ, ಎಲ್ಲಕ್ಕಿಂತ ಮುಖ್ಯವಾದ ಜಾಗದಲ್ಲಿ, ಅದು ಅವಸರ ಮಾಡುತ್ತದೆ.

ವ್ಯಾನು ಹತ್ತಿದ ಕೂಡಲೇ ಪ್ರತಿಯೊಬ್ಬರ ಕೈಗೂ ನಾಲ್ಕು ಮಡಿಕೆಯ ಒಂದು ಹಾಳೆಯನ್ನು ಕೊಡುತ್ತಾರೆ. ಬಿಡಿಸಿದರೆ ಇಡೀ ವಂಶವೃಕ್ಷ. ಬಿರುದು ತಂದೆಯಿಂದ ಹಿರಿಯ ಮಗನಿಗೆ ನೇರವಾಗಿ ಹೋದಲ್ಲೆಲ್ಲ ಕಪ್ಪು ಗೆರೆ. ತಮ್ಮನಿಗೋ ತಮ್ಮನ ಮಗನಿಗೋ ದೂರದ ದಾಯಾದಿಗೋ ತಿರುಗಿದಲ್ಲಿ ಕೆಂಪು ಗೆರೆ. ನಾನು ಕಂಡ ವಂಶವೃಕ್ಷಗಳಲ್ಲಿ ಇದರಷ್ಟು ಸುಲಭವಾಗಿ ಓದಿಸಿಕೊಂಡದ್ದು ಇನ್ನೊಂದಿಲ್ಲ. ಹಾಳೆಯಲ್ಲಿ ಒಂದು ತಪ್ಪೂ ಇತ್ತು. ಅದನ್ನು ಹೇಳದೆ ಬಿಡುವಂತಿಲ್ಲ. ಒಂದೆಡೆ ಈ ಮನೆತನದ ಪೂರ್ವಿಕನನ್ನು ‘ಡೆವನ್‌ನ ಅರ್ಲ್’ (ಅರ್ಲ್ ಎಂದರೆ ಡ್ಯೂಕ್‌ಗಿಂತ ಕೆಳಗಿನ ಶ್ರೀಮಂತ ಪದವಿ) ಎಂದು ಅಚ್ಚು ಹಾಕಿದ್ದರು. ಡೆವನ್‌ನ ಅರ್ಲ್ ಪದವಿ ಕೋರ್ಟ್ನಿ ಎಂಬ ಬೇರೆಯೇ ಮನೆತನದ್ದು. ಕ್ಯಾವೆಂಡಿಶ್‌ರಿಗೆ 1618ರಲ್ಲಿ ದೊರೆತದ್ದು ಡೆವನ್‌ಶೈರ್‌ನ ಅರ್ಲ್ ಪದವಿ. ಬಿರುದುಗಳ ಚರಿತ್ರೆಯನ್ನೇ ಮಾರುವ ಪ್ರವಾಸದಲ್ಲಿ ಇಂಥ ಎಡವಟ್ಟು ಇರಬಾರದು. ಮಾರ್ಗದರ್ಶಿಗೆ ತೋರಿಸಿದಾಗ ಅವರು ತಕ್ಷಣ ಒಪ್ಪಿಕೊಂಡು ಎಲ್ಲರ ಹಾಳೆಯಲ್ಲೂ ಪೆನ್ನಿನಿಂದ ತಿದ್ದಿಸಿದರು. ಅಲ್ಲಿಗೇ ನಿಲ್ಲಿಸದೆ, ನಮ್ಮಲ್ಲಿ ಹಲವರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೂ ಕೈಗೆತ್ತಿಕೊಂಡರು. ಮನೆ ಡರ್ಬಿಶೈರ್‌ನಲ್ಲಿರುವಾಗ ಬಿರುದು ದೂರದ ನೈಋತ್ಯ ಇಂಗ್ಲೆಂಡಿನ ಹೆಸರಿನದು ಏಕೆ? ಬಿರುದಿನಲ್ಲಿರುವ ಊರು ಆಳುವ ಸೀಮೆಯ ಗುರುತಾಗಿ ಉಳಿದಿರಲಿಲ್ಲ, ಡರ್ಬಿ ಎಂಬ ಹೆಸರಿನ ಅರ್ಲ್ ಪದವಿಯಂತೂ 1485ರಿಂದಲೇ ಸ್ಟಾನ್ಲಿ ಮನೆತನದ ಕೈಯಲ್ಲಿತ್ತು ಎಂದು ಅವರು ವಿವರಿಸಿದರು.

ಮೊದಲ ನಿಲುಗಡೆ ಹಾರ್ಡ್‌ವಿಕ್ ಹಾಲ್. ಈ ಮನೆತನದ ಬೇರು ಇರುವುದು ಒಬ್ಬ ಹೆಂಗಸಿನಲ್ಲಿ ಎಂಬುದನ್ನು ಅಲ್ಲಿ ನಿಂತರೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮಹಲಿನ ಆರು ಗೋಪುರಗಳ ನೆತ್ತಿಯ ಮೇಲೆ, ಆಕಾಶಕ್ಕೆ ಎದುರಾಗಿ, ಕಲ್ಲಿನಲ್ಲಿ ಕಡೆದ ‘ಇ’ ಮತ್ತು ‘ಎಸ್’ ಅಕ್ಷರಗಳಿವೆ: ಎಲಿಜಬೆತ್ ಶ್ರೂಸ್‌ಬರಿ. ಚರಿತ್ರೆಯಲ್ಲಿ ಆಕೆಯ ಹೆಸರು ಹಾರ್ಡ್‌ವಿಕ್‌ನ ಬೆಸ್. ಸಾಧಾರಣ ಜಮೀನುದಾರರ ಮಗಳಾಗಿ ಹುಟ್ಟಿ, ನಾಲ್ಕು ಬಾರಿ ಮದುವೆಯಾಗಿ, ಕೊನೆಗೆ ಶ್ರೂಸ್‌ಬರಿಯ ಅರ್ಲ್‌ನ ಪತ್ನಿಯಾದವಳು; 1590ರ ದಶಕದಲ್ಲಿ, ಆ ಗಂಡನೂ ತೀರಿಕೊಂಡ ಮೇಲೆ, ತನ್ನ ವೃದ್ಧಾಪ್ಯದಲ್ಲಿ ಈ ಮಹಲನ್ನು ಎಬ್ಬಿಸಿದವಳು. ಆದರೆ ಮಕ್ಕಳಾದದ್ದು ಎರಡನೆಯ ಗಂಡ ಸರ್ ವಿಲಿಯಂ ಕ್ಯಾವೆಂಡಿಶ್‌ನಿಂದ ಮಾತ್ರ. ಎಂಟನೆಯ ಹೆನ್ರಿಯ ಕಾಲದಲ್ಲಿ ಕ್ರೈಸ್ತ ಮಠಗಳನ್ನು ಮುಚ್ಚಿಸುವ ಕೆಲಸದಲ್ಲಿ ಮೇಲೆ ಬಂದ ಅಧಿಕಾರಿ ಆತ. ಹೆಂಡತಿಯ ಮಾತಿಗೆ ಒಪ್ಪಿ ಸಫೋಕ್ ಕಡೆಯ ಆಸ್ತಿಯನ್ನು ಮಾರಿ ಆಕೆಯ ತವರು ಸೀಮೆಗೆ ಬಂದನು. 1549ರಲ್ಲಿ ಅವರಿಬ್ಬರೂ 600 ಪೌಂಡಿಗೆ ಚಾಟ್ಸ್‌ವರ್ತ್ ಜಮೀನನ್ನು ಕೊಂಡರು. ಇವರ ಮಗ ವಿಲಿಯಂ ಮೊದಲು ಬ್ಯಾರನ್, ಅನಂತರ 10,000 ಪೌಂಡ್ ತೆತ್ತು ಡೆವನ್‌ಶೈರ್‌ನ ಮೊದಲ ಅರ್ಲ್ ಆದನು. ಅರಸು ಒಂದನೆಯ ಜೇಮ್ಸ್‌ನ ಬೊಕ್ಕಸಕ್ಕೆ ಹಣ ಬೇಕಿದ್ದ ಕಾಲವದು. ಪದವಿಯನ್ನು ದುಡ್ಡು ಕೊಟ್ಟು ಪಡೆದರೆಂಬುದನ್ನು ಮಾರ್ಗದರ್ಶಿ ಅಡಗಿಸಲೂ ಇಲ್ಲ, ಹೀಯಾಳಿಸಲೂ ಇಲ್ಲ. ಆ ನೇರವಂತಿಕೆ ನನಗೆ ಬಹಳ ಹಿಡಿಸಿತು.

ಚಾಟ್ಸ್‌ವರ್ತ್ ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಡರ್ವೆಂಟ್ ನದಿಯ ಸೇತುವೆ ದಾಟುವಾಗ ಪಶ್ಚಿಮದ ಕಿಟಕಿಗಳ ಚೌಕಟ್ಟಿಗೆ ಹಚ್ಚಿದ ಬಂಗಾರದ ರೇಕು ಬಿಸಿಲಿಗೆ ಮಿಂಚುತ್ತಿತ್ತು. ಬೆಸ್ ಕಟ್ಟಿಸಿದ ಮನೆ ಈಗಿಲ್ಲ. ಕಣ್ಣೆದುರಿಗಿರುವುದು ನಾಲ್ಕನೆಯ ಅರ್ಲ್ 1687ರಿಂದ ಎರಡು ದಶಕಗಳ ಕಾಲ ಕೆಡವಿ ಕಟ್ಟಿಸಿದ್ದು. ಅರಸು ಎರಡನೆಯ ಜೇಮ್ಸ್‌ನನ್ನು ಗದ್ದುಗೆಯಿಂದ ಇಳಿಸಲು ಡಚ್ ರಾಜಕುಮಾರ ಆರೆಂಜ್‌ನ ವಿಲಿಯಂನನ್ನು ಆಹ್ವಾನಿಸಿ 1688ರಲ್ಲಿ ಬರೆದ ಪತ್ರಕ್ಕೆ ಸಹಿ ಹಾಕಿದ ಏಳು ಮಂದಿಯಲ್ಲಿ ಈತನೂ ಒಬ್ಬ. ಸಂಚು ಬಯಲಾಗಿದ್ದರೆ ತಲೆ ಉಳಿಯುತ್ತಿರಲಿಲ್ಲ. ಕೈಗೂಡಿದ್ದರಿಂದ 1694ರಲ್ಲಿ ಡೆವನ್‌ಶೈರ್‌ನ ಡ್ಯೂಕ್ ಪದವಿಯೂ ಹಾರ್ಟಿಂಗ್ಟನ್‌ನ ಮಾರ್ಕ್ವಿಸ್ ಪದವಿಯೂ ಒಟ್ಟಿಗೆ ಬಂದವು. ಚಿತ್ರಿತ ಹಜಾರದಲ್ಲಿ ಲಾಗೆರ್ ಬಿಡಿಸಿದ ಜೂಲಿಯಸ್ ಸೀಸರ್‌ನ ದೃಶ್ಯಗಳು ಹೊಸ ಅರಸನಿಗೆ ಸಲ್ಲಿಸಿದ ಗೌರವವೆಂದು ತಿಳಿದ ಮೇಲೆ, ಗೋಡೆಯ ಚಿತ್ರವನ್ನು ನೋಡುವ ಬಗೆಯೇ ಬದಲಾಗುತ್ತದೆ. ‘ಎಚ್ಚರದಿಂದಿದ್ದರೆ ಕ್ಷೇಮ’ ಎಂಬರ್ಥದ ಲ್ಯಾಟಿನ್ ಮಾತು ಈ ಮನೆತನದ ಧ್ಯೇಯವಾಕ್ಯ.

ಬಿರುದುಗಳ ಒಳಗುಟ್ಟನ್ನು ಬಿಡಿಸಿ ಹೇಳಿದ ಅರ್ಧ ಗಂಟೆ ಈ ಪ್ರವಾಸದ ತಿರುಳು. ಹುಲ್ಲುಹಾಸಿನ ಮೇಲೆ ನಮ್ಮನ್ನೇ ಸಾಲಾಗಿ ನಿಲ್ಲಿಸಿ, ಒಬ್ಬರನ್ನು ಡ್ಯೂಕ್, ಅವರ ಹಿಂದಿನವರನ್ನು ಹಿರಿಯ ಮಗ, ಮತ್ತೊಬ್ಬರನ್ನು ಮೊಮ್ಮಗ ಎಂದು ಮಾಡಿ ಮಾರ್ಗದರ್ಶಿ ಪಾಠ ಹೇಳಿದರು. ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ಮೆಟ್ಟಿಲುಗಳಲ್ಲಿ ಹಲವು ಪದವಿಗಳು ಒಬ್ಬನಲ್ಲೇ ಕೂಡಿರುತ್ತವೆ. ಆದರೆ ಅವೆಲ್ಲದರ ಒಡೆಯ ಡ್ಯೂಕ್ ಒಬ್ಬನೇ. ಹಿರಿಯ ಮಗನನ್ನು ಹಾರ್ಟಿಂಗ್ಟನ್‌ನ ಮಾರ್ಕ್ವಿಸ್ ಎಂದೂ ಆತನ ಹಿರಿಯ ಮಗನನ್ನು ಬರ್ಲಿಂಗ್ಟನ್‌ನ ಅರ್ಲ್ ಎಂದೂ ಕರೆಯುವುದು ರೂಢಿಯ ಮರ್ಯಾದೆ ಮಾತ್ರ. ಕಾನೂನಿನ ಕಣ್ಣಿನಲ್ಲಿ ಅವರು ಸಾಮಾನ್ಯ ಪ್ರಜೆಗಳೇ. ಆದ್ದರಿಂದಲೇ ಮುಂದೆ ಎಂಟನೆಯ ಡ್ಯೂಕ್ ಆದವನು ‘ಲಾರ್ಡ್ ಹಾರ್ಟಿಂಗ್ಟನ್’ ಎನಿಸಿಕೊಂಡೇ ದಶಕಗಳ ಕಾಲ ಜನರಿಂದ ಚುನಾಯಿತನಾಗಿ ಹೌಸ್ ಆಫ್ ಕಾಮನ್ಸ್‌ನಲ್ಲಿ ಕುಳಿತನು. ಪ್ರಧಾನಿ ಪದವಿ ಮೂರು ಬಾರಿ ಬಾಗಿಲಿಗೆ ಬಂದರೂ ಒಲ್ಲೆನೆಂದನು. 1891ರಲ್ಲಿ ತಂದೆ ತೀರಿದ ಗಳಿಗೆಯಲ್ಲಿ ಕಾಮನ್ಸ್ ಬಿಟ್ಟು ಹೌಸ್ ಆಫ್ ಲಾರ್ಡ್ಸ್‌ಗೆ ಹೋಗಲೇಬೇಕಾಯಿತು. ಪುಸ್ತಕಗಳಲ್ಲಿ ಹತ್ತು ಸಲ ಓದಿಯೂ ನನಗೆ ಗೊಂದಲವಾಗಿದ್ದ ವಿಷಯ ಆ ಹುಲ್ಲಿನ ಮೇಲೆ ತಿಳಿಯಾಯಿತು.

ಗಂಡು ಸಂತತಿಗೆ ಮಾತ್ರ ಎಂಬ ನಿಯಮ ಏನು ಮಾಡುತ್ತದೆಂಬುದಕ್ಕೆ ಅವರು ಆರಿಸಿಕೊಂಡ ಉದಾಹರಣೆ 1858ರದು. ಹಾಳೆಯಲ್ಲಿ ಅಲ್ಲೊಂದು ಉದ್ದನೆಯ ಕೆಂಪು ಗೆರೆ. ಆರನೆಯ ಡ್ಯೂಕ್ ಮದುವೆಯಾಗದೆ ತೀರಿಕೊಂಡನು. ಡ್ಯೂಕ್ ಪದವಿ ಆತನ ಚಿಕ್ಕಪ್ಪನ ಮೊಮ್ಮಗನಿಗೆ ಹೋಯಿತು. ಆದರೆ ತೀರಿಕೊಂಡ ಆ ಆರನೆಯ ಡ್ಯೂಕ್‌ನಲ್ಲೇ ಇದ್ದ ಕ್ಲಿಫರ್ಡ್ ಬ್ಯಾರನ್ ಪದವಿ ಅಜ್ಜಿಯ ಕಡೆಯಿಂದ ಬಂದದ್ದು, ಹೆಣ್ಣುಮಕ್ಕಳಿಗೂ ಸಲ್ಲುವಂಥದ್ದು. ಆತನಿಗೆ ಇಬ್ಬರು ಅಕ್ಕಂದಿರಿದ್ದುದರಿಂದ, ಹಕ್ಕು ಇಬ್ಬರಿಗೂ ಸಮನಾಗಿ, ಪದವಿ ಯಾರಿಗೂ ಸಲ್ಲದೆ ನಡುವೆಯೇ ತೂಗಿ ನಿಂತಿತು. ಒಂದೇ ಸಾವು, ಎರಡು ಬಿರುದು, ಎರಡು ದಾರಿ. ಈ ಆರನೆಯ ಡ್ಯೂಕ್‌ನ ಗುರುತು ಮನೆಯ ಸುತ್ತ ಎಲ್ಲೆಲ್ಲೂ ಇದೆ. ಇಪ್ಪತ್ತರ ಹರೆಯದ ಜೋಸೆಫ್ ಪ್ಯಾಕ್ಸ್‌ಟನ್‌ನನ್ನು 1826ರಲ್ಲಿ ತೋಟದ ಮುಖ್ಯಸ್ಥನನ್ನಾಗಿ ತಂದವನು ಈತನೇ. ರಷ್ಯದ ಚಕ್ರವರ್ತಿ ಬರುವನೆಂದು 1844ರಲ್ಲಿ ಕಟ್ಟಿಸಿದ ಕಾರಂಜಿ ಗುಡ್ಡದ ಮೇಲಿನ ಕೆರೆಯ ನೀರಿನ ಒತ್ತಡವೊಂದರಿಂದಲೇ 90 ಮೀಟರ್‌ವರೆಗೆ ಚಿಮ್ಮಬಲ್ಲದು. ಚಕ್ರವರ್ತಿ ಬರಲೇ ಇಲ್ಲ. ಪ್ಯಾಕ್ಸ್‌ಟನ್ ಇಲ್ಲಿನ ಗಾಜಿನ ಮನೆಯಲ್ಲಿ ಬೆಳೆಸಿದ ಬಾಳೆಗೆ ಒಡೆಯನ ಮನೆತನದ ಹೆಸರಿಟ್ಟರು. ಇಂದು ಲೋಕದ ಮಾರುಕಟ್ಟೆಯನ್ನು ತುಂಬಿರುವ ಕ್ಯಾವೆಂಡಿಶ್ ಬಾಳೆ ಅದೇ. ಆತನ ಎಲ್ಲ ಬಿರುದುಗಳಿಗಿಂತ ಹೆಚ್ಚು ಜನರ ಬಾಯಲ್ಲಿ ಇರುವುದು ಈ ಹಣ್ಣಿನ ಹೆಸರೆಂದು ನನಗನ್ನಿಸಿತು.

ಇನ್ನು ಕುಂದುಕೊರತೆಗಳು. ಮಾರ್ಗದರ್ಶಿಯ ಮಾತು ಕೇಳಲೆಂದು ಪ್ರವಾಸದವರು ಕೊಡುವ ಕಿವಿಯ ಯಂತ್ರ ತೀರ ಹಳೆಯದು. ಗುಂಪಿನಿಂದ ಹತ್ತು ಹೆಜ್ಜೆ ಹಿಂದೆ ಬಿದ್ದರೂ ಗರಗರ ಸದ್ದು. ಸಂಗೀತದ ಕೋಣೆಯ ಬಾಗಿಲಿನ ಮೇಲೆ ನಿಜವಾಗಿಯೂ ತೂಗುಹಾಕಿದಂತೆ ಕಾಣುವ ಪಿಟೀಲಿನ ಚಿತ್ರದ ಮುಂದೆ ನಾನು ತುಸು ಹೆಚ್ಚು ಹೊತ್ತು ನಿಂತದ್ದಕ್ಕೆ ಮುಂದಿನ ಎರಡು ಕೋಣೆಗಳ ವಿವರಣೆ ಪೂರ್ತಿ ಕೈತಪ್ಪಿತು. ಊಟಕ್ಕೆಂದು ಬಿಟ್ಟ ಹೊತ್ತು ಬೇಕಾದ್ದಕ್ಕಿಂತ ಹೆಚ್ಚು. ಆ ಹೊತ್ತನ್ನು ಸಂಜೆಗೆ ಉಳಿಸಬಹುದಿತ್ತು.

ಏಕೆಂದರೆ ಈ ಕಥೆಯ ಹೃದಯವಿರುವುದು ಇಪ್ಪತ್ತನೆಯ ಶತಮಾನದಲ್ಲಿ. ಹತ್ತನೆಯ ಡ್ಯೂಕ್‌ನ ಹಿರಿಯ ಮಗ ವಿಲಿಯಂ, ಲಾರ್ಡ್ ಹಾರ್ಟಿಂಗ್ಟನ್, 1944ರ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಥ್ಲೀನ್ ಕೆನೆಡಿಯನ್ನು ಮದುವೆಯಾದನು. ಆಕೆ ಮುಂದೆ ಅಧ್ಯಕ್ಷನಾದ ಜಾನ್ ಕೆನೆಡಿಯ ತಂಗಿ, ಕ್ಯಾಥೊಲಿಕ್ ಮನೆಯವಳು. ಎರಡು ಮನೆಗಳ ಧರ್ಮಭೇದದಿಂದ ಮದುವೆಗೆ ಎಷ್ಟೋ ಅಡ್ಡಿಗಳು ಬಂದಿದ್ದವು. ಅದೇ ಸೆಪ್ಟೆಂಬರಿನಲ್ಲಿ ಆತ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಮಡಿದನು. ಮಕ್ಕಳಿರಲಿಲ್ಲ. ಬಿರುದಿನ ದಾರಿ ತಮ್ಮ ಆ್ಯಂಡ್ರೂ ಕಡೆಗೆ ತಿರುಗಿತು. ಮರಣ ತೆರಿಗೆಯಿಂದ ಆಸ್ತಿಯನ್ನು ಉಳಿಸಲೆಂದು ಹತ್ತನೆಯ ಡ್ಯೂಕ್ ಅದನ್ನು ಟ್ರಸ್ಟ್‌ಗೆ ವರ್ಗಾಯಿಸಿದ್ದನು. ಹಾಗೆ ಮಾಡಿದವನು ಐದು ವರ್ಷ ಬದುಕಿರಬೇಕೆಂಬುದು ಕಾನೂನು. ಗಡುವಿಗೆ ಇನ್ನು ಕೆಲವೇ ತಿಂಗಳಿದ್ದಾಗ, 1950ರ ನವೆಂಬರ್ 26ರಂದು, 55ರ ವಯಸ್ಸಿನಲ್ಲಿ ಆತನು ಹಠಾತ್ತಾಗಿ ತೀರಿಕೊಂಡನು. ತೆರಿಗೆಯ ದರ ನೂರಕ್ಕೆ 80. ಹನ್ನೊಂದನೆಯ ಡ್ಯೂಕ್ ಆದ ಆ್ಯಂಡ್ರೂ ಜಮೀನುಗಳನ್ನೂ ಚಿತ್ರಗಳನ್ನೂ ಕಳೆದುಕೊಂಡು ಸಾಲ ತೀರಿಸಬೇಕಾಯಿತು; ನಾವು ಬೆಳಿಗ್ಗೆ ನೋಡಿದ ಹಾರ್ಡ್‌ವಿಕ್ ಹಾಲ್ ಹೀಗೆಯೇ ತೆರಿಗೆಯ ಬಾಬತ್ತು ಸರ್ಕಾರಕ್ಕೆ ಹೋಗಿ, ಅಲ್ಲಿಂದ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಸೇರಿದ್ದು. ಬೆಸ್‌ಳ ಹೆಸರಿನ ಅಕ್ಷರಗಳು ಗೋಪುರದ ಮೇಲೆ ಉಳಿದವು, ಮನೆ ವಂಶದ ಕೈಬಿಟ್ಟಿತು. ಚಾಟ್ಸ್‌ವರ್ತ್ ಅನ್ನು ಉಳಿಸಿಕೊಳ್ಳಲು 1981ರಲ್ಲಿ ದತ್ತಿ ಸಂಸ್ಥೆಯೊಂದನ್ನು ಕಟ್ಟಿದರು. ಮನೆ ಈಗ ಅದರ ನಿರ್ವಹಣೆಯಲ್ಲಿದೆ, ಡ್ಯೂಕ್ ಬಾಡಿಗೆ ಕೊಟ್ಟು ಅಲ್ಲಿ ವಾಸಿಸುವ ಏರ್ಪಾಡಿದೆ. ಇದಿಷ್ಟನ್ನೂ ಮಾರ್ಗದರ್ಶಿ ವ್ಯಾನಿನಲ್ಲಿ, ಹತ್ತೇ ನಿಮಿಷದಲ್ಲಿ, ಗಡಿಯಾರ ನೋಡುತ್ತಲೇ ಹೇಳಿ ಮುಗಿಸಬೇಕಾಯಿತು.

ಕೊನೆಯ ನಿಲುಗಡೆ ಚಾಟ್ಸ್‌ವರ್ತ್ ಮಗ್ಗುಲಿನ ಹಳ್ಳಿ ಎಡೆನ್ಸರ್. ಅಲ್ಲಿಯವರ ಬಾಯಲ್ಲಿ ‘ಎನ್ಜರ್’. ಕೊಟ್ಟದ್ದು ಇಪ್ಪತ್ತು ನಿಮಿಷ. ಚರ್ಚಿನೊಳಗೆ ಬೆಸ್‌ಳ ಇಬ್ಬರು ಗಂಡುಮಕ್ಕಳ ಸಮಾಧಿ ಸ್ಮಾರಕವಿದೆ: ಕಲ್ಲಿನಲ್ಲಿ ಒಂದು ಅಸ್ಥಿಪಂಜರ, ಅದರ ಪಕ್ಕದಲ್ಲಿ ಹೆಣದ ಬಟ್ಟೆ ಸುತ್ತಿದ ಒಂದು ದೇಹ. ಹಿರಿಯ ಹೆನ್ರಿಗೆ ಔರಸ ಸಂತಾನವಿರಲಿಲ್ಲ. ಕಿರಿಯ ವಿಲಿಯಂನಿಂದಲೇ ಅರ್ಲ್‌ಗಳೂ ಡ್ಯೂಕ್‌ಗಳೂ ಬಂದರು. ಹೊರಗೆ, ಇಳಿಜಾರಿನ ಮೇಲ್ತುದಿಯಲ್ಲಿ, ಮನೆತನದವರ ಸಮಾಧಿಗಳು. ಅಷ್ಟು ದೊಡ್ಡ ಮಹಲಿನ ಒಡೆಯರಿಗೆ ಎಷ್ಟು ಸಣ್ಣ ಕಲ್ಲುಗಳೆಂದು ನನ್ನ ಪಕ್ಕದವರು ಮೆಲ್ಲನೆ ಹೇಳಿದರು. 1882ರಲ್ಲಿ ಡಬ್ಲಿನ್‌ನ ಫೀನಿಕ್ಸ್ ಪಾರ್ಕ್‌ನಲ್ಲಿ ಕೊಲೆಯಾದ, ಎಂಟನೆಯ ಡ್ಯೂಕ್‌ನ ತಮ್ಮ ಲಾರ್ಡ್ ಫ್ರೆಡರಿಕ್ ಇಲ್ಲಿದ್ದಾನೆ. ತೋಟಗಾರ ಪ್ಯಾಕ್ಸ್‌ಟನ್‌ನೂ ಇದೇ ಅಂಗಳದಲ್ಲಿದ್ದಾನೆ. 1948ರಲ್ಲಿ ವಿಮಾನ ಅಪಘಾತದಲ್ಲಿ ಸತ್ತ ಕ್ಯಾಥ್ಲೀನ್‌ಳ ಕಲ್ಲಿನ ಮುಂದೆ, ನೆಲದಲ್ಲಿ, ಅವಳ ಅಣ್ಣ 1963ರ ಜೂನ್ 29ರಂದು ಇಲ್ಲಿಗೆ ಬಂದುಹೋದುದನ್ನು ನೆನಪಿಸುವ ಇನ್ನೊಂದು ಸಣ್ಣ ಕಲ್ಲು. ಆ ವರ್ಷ ಮುಗಿಯುವ ಮೊದಲೇ ಆತನೂ ಇರಲಿಲ್ಲ. ಕೈಯಲ್ಲಿದ್ದ ಹಾಳೆಯ ಕೆಂಪು ಗೆರೆಗೂ ಎದುರಿನ ಕಲ್ಲಿಗೂ ಹೊಂದಿಸಿ ನೋಡುತ್ತ ನಿಂತಿದ್ದಾಗ ವ್ಯಾನಿನ ಹಾರ್ನ್ ಕೇಳಿಸಿತು.

ಇಂಗ್ಲೆಂಡಿನ ಶ್ರೀಮಂತ ಮನೆತನಗಳ ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಈ ಪ್ರವಾಸಕ್ಕೆ ಧಾರಾಳವಾಗಿ ಹೋಗಬಹುದು. ಮಹಲುಗಳ ಚಿತ್ರ ತೆಗೆದುಕೊಂಡು ಬರುವುದಷ್ಟೇ ಉದ್ದೇಶವಾದರೆ ಸ್ವಂತವಾಗಿ ಹೋಗುವುದೇ ವಾಸಿ. ವಿವರಣೆಗೆ ಐದಕ್ಕೆ ಐದು ಅಂಕ, ವೇಳೆಯ ಹಂಚಿಕೆಗೆ ಎರಡು. ಹೋಗುವವರು ವ್ಯಾನು ಹತ್ತುವಾಗಲೇ ಮಾರ್ಗದರ್ಶಿಗೆ ಹೇಳಿ, ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಮೊಟಕು ಮಾಡಿಸಿ ಅದನ್ನು ಎಡೆನ್ಸರ್‌ಗೆ ಕೊಡಿಸಿಕೊಳ್ಳಿ. ವಂಶವೃಕ್ಷದ ಹಾಳೆಯನ್ನು ಚೀಲದಲ್ಲಿ ಮಡಿಸಿಡದೆ ಕೈಯಲ್ಲೇ ಹಿಡಿದು ಅಂಗಳದ ಮೇಲ್ತುದಿಯವರೆಗೆ ಹತ್ತಿ.