ಎಂ-65 ಫೀಲ್ಡ್ ಜಾಕೆಟ್: ಹೊಲಿಗೆಗೆ ಪೂರ್ತಿ ಅಂಕ, ಕಾಡುಬಣ್ಣಕ್ಕೆ ಅರ್ಧ

ಎಂ-65 ಅಂತ ಹೇಳಿ ಮಾರುವ ಮಾಲಿನಲ್ಲಿ ಮೂರು ಬಗೆ. ಅಮೆರಿಕದ ಸೇನೆಗೆಂದೇ ಹೊಲಿದು ಆಮೇಲೆ ಸರ್‌ಪ್ಲಸ್ ಆಗಿ ಹೊರಬಂದದ್ದು ಒಂದು. ಸೇನೆಗೆ ಹೊಲಿದುಕೊಡುತ್ತಿದ್ದ ಆಲ್ಫಾ ಇಂಡಸ್ಟ್ರೀಸ್‌ನಂಥ ಕಂಪನಿಗಳು ಸಾಮಾನ್ಯ ಗಿರಾಕಿಗೆ ಮಾಡುವುದು ಇನ್ನೊಂದು. ಹೆಸರನ್ನಷ್ಟೇ ಎತ್ತಿಕೊಂಡ ತೆಳು ಬಟ್ಟೆಯ ನಕಲು ಮೂರನೆಯದು. ಇಲ್ಲಿ ಬರೆದಿರುವುದು ಮೊದಲನೆಯದರ ಬಗ್ಗೆ, ಅದರಲ್ಲೂ 1980ರ ದಶಕದ ವುಡ್‌ಲ್ಯಾಂಡ್ ಎಂಬ ಮರೆಮಾಚುವ ಮಚ್ಚೆಯ (ಕ್ಯಾಮೊ) ಪ್ರಿಂಟಿನ ಬಗ್ಗೆ.

1951ರ ಮಾದರಿಯ ಜಾಗಕ್ಕೆ 1965ರಲ್ಲಿ ಬಂದ ಜಾಕೆಟ್ ಇದು. ಬಟ್ಟೆ ಅರ್ಧ ಹತ್ತಿ, ಅರ್ಧ ನೈಲಾನ್, ಸ್ಯಾಟೀನ್ ನೇಯ್ಗೆ. ಎದುರಿಗೆ ಪ್ರೆಸ್ ಬಟನ್ ಮುಚ್ಚಳದ ನಾಲ್ಕು ಜೇಬು, ಜಿಪ್ಪಿನ ಮೇಲೆ ಗಾಳಿ ತಡೆಯುವ ಪಟ್ಟಿ, ಕಾಲರಿನ ಹಿಂದೆ ಜಿಪ್ಪಿನೊಳಗೆ ಮಡಚಿಟ್ಟ ಟೋಪಿ. ಬೆನ್ನಿನಲ್ಲಿ ಭುಜದ ಹತ್ತಿರ ಎರಡು ನೆರಿಗೆ ಬಿಟ್ಟಿರುವುದರಿಂದ ಬೈಕಿನ ಹ್ಯಾಂಡಲ್ ಹಿಡಿದರೂ ಬೆನ್ನು ಬಿಗಿಯುವುದಿಲ್ಲ. ಸೊಂಟಕ್ಕೊಂದು, ಕೆಳ ಅಂಚಿಗೊಂದು ಲಾಡಿ. ಕಫ್ ಒಳಗೆ ಮಡಚಿಕೊಂಡ ತ್ರಿಕೋನದ ತುಂಡೊಂದಿದೆ, ಬಿಚ್ಚಿದರೆ ಕೈಯ ಹಿಂಬದಿಗೆ ಗಾಳಿ ತಾಗದು. ವರ್ಷಗಟ್ಟಲೆ ತೊಟ್ಟವರೂ ಇದನ್ನು ನೋಡಿರುವುದಿಲ್ಲ.

ಟೋಪಿ ಮಾತ್ರ ದಂಡ. ಅಸ್ತರಿಲ್ಲದ ತೆಳು ಬಟ್ಟೆ, ಮಡಚಿಟ್ಟರೆ ಕತ್ತಿನ ಹಿಂದೆ ಗಂಟು ಕಟ್ಟಿದ ಹಾಗೆ ಉಬ್ಬುತ್ತದೆ. ಗುಂಡಿ ಹಾಕಿ ಒಳಗೆ ಸಿಕ್ಕಿಸುವ ಕ್ವಿಲ್ಟ್ ಲೈನರ್ ಬೇರೆಯಾಗಿಯೂ ಸಿಗುತ್ತದೆ. ಬೆಂಗಳೂರಿನ ಡಿಸೆಂಬರಿಗೆ ಅದು ಬೇಡ, ಹಿಮಾಲಯದ ಚಾರಣಕ್ಕೆ ಬೇಕು. ಇದನ್ನು ರೇನ್‌ಕೋಟ್ ಅಂದುಕೊಳ್ಳಬೇಡಿ. ತುಂತುರು ತಡೆಯುತ್ತದೆ, ಆಗುಂಬೆಯ ಮಳೆ ತಡೆಯುವುದಿಲ್ಲ. ನೆನೆದರೆ ಭಾರ, ಒಣಗುವುದೂ ನಿಧಾನ.

ಕೊಳ್ಳುವ ಮುಂಚೆ ಕಾಲರಿನ ಒಳಗಿನ ಚೀಟಿ ಓದಿ. ಡಿಎಲ್‌ಎ100-84-ಸಿ ಎಂದು ಶುರುವಾಗುವ ಸಂಖ್ಯೆಯಿದ್ದರೆ ಅದು 1984ರ ಆರ್ಥಿಕ ವರ್ಷದ ಗುತ್ತಿಗೆ. ಡಿಎಸ್‌ಎ ಎಂದಿದ್ದರೆ ಇನ್ನೂ ಹಳೆಯದು, ಯಾಕೆಂದರೆ ಸೇನೆಗೆ ಸಾಮಾನು ಒದಗಿಸುವ ಆ ಇಲಾಖೆಯ ಹೆಸರು 1977ರಲ್ಲಿ ಡಿಎಸ್‌ಎ ಹೋಗಿ ಡಿಎಲ್‌ಎ ಆಯಿತು. ವುಡ್‌ಲ್ಯಾಂಡ್ ಪ್ರಿಂಟ್ ಬಂದದ್ದೇ 1981ರಲ್ಲಿ. ಹಾಗಾಗಿ ಡಿಎಸ್‌ಎ ಚೀಟಿಯ ವುಡ್‌ಲ್ಯಾಂಡ್ ಜಾಕೆಟ್ ಯಾರಾದರೂ ತೋರಿಸಿದರೆ ಚೀಟಿಯೋ ಜಾಕೆಟ್ಟೋ, ಎರಡರಲ್ಲೊಂದು ಸುಳ್ಳು. ಅಳತೆಯ ಸಾಲಿನಲ್ಲಿ 7080/9404 ಎಂದಿದ್ದರೆ ಎತ್ತರ 170ರಿಂದ 180, ಎದೆಸುತ್ತು 94ರಿಂದ 104 ಸೆಂಟಿಮೀಟರ್: ಅದೇ ಮೀಡಿಯಂ ರೆಗ್ಯುಲರ್. ಸ್ವೆಟರ್, ಲೈನರ್ ಎಲ್ಲದರ ಮೇಲೆ ತೊಡಲೆಂದು ಕತ್ತರಿಸಿದ ಅಳತೆ ಇದು. ಬರೀ ಶರ್ಟಿನ ಮೇಲೆ ತೊಡುವವರು ಒಂದು ಸೈಜು ಕಡಿಮೆ ತೆಗೆದುಕೊಳ್ಳಲಿ.

ಕೆಡುವ ಜಾಗಗಳು ಹೆಚ್ಚಿಲ್ಲ. ವೆಲ್ಕ್ರೊ ತುಂಬ ನೂಲು ಕಟ್ಟಿಕೊಂಡು ಹಿಡಿತ ಬಿಡುತ್ತದೆ, ಹೇನು ಬಾಚುವ ಹಣಿಗೆಯಿಂದ ಎಳೆದರೆ ಸರಿಹೋಗುತ್ತದೆ. ಲಾಡಿಯ ತುದಿ ಒಳಗೆ ಜಾರಿದ್ದರೆ ಅದಕ್ಕೆ ಸೇಫ್ಟಿ ಪಿನ್ ಸಿಕ್ಕಿಸಿ ಮತ್ತೆ ಪೋಣಿಸಿ. ಜಿಪ್ಪನ್ನು ಮಾತ್ರ ನಾಲ್ಕೈದು ಸಲ ಮೇಲೆ ಕೆಳಗೆ ಎಳೆದು ನೋಡಿ. ಹಲ್ಲು ಹೋಗಿದ್ದರೆ ಪೂರಾ ಜಿಪ್ ಬದಲಿಸಬೇಕು, ಗಾಳಿಪಟ್ಟಿಯನ್ನೂ ಬಿಚ್ಚಿ ಹೊಲಿಯುವ ಕೆಲಸಕ್ಕೆ ಟೈಲರ್‌ಗಳು ಸುಲಭಕ್ಕೆ ಒಪ್ಪುವುದಿಲ್ಲ.

ಇನ್ನು ಪ್ರಿಂಟು. ಕಪ್ಪು, ಕಂದು, ಹಸಿರು, ಮರಳು, ನಾಲ್ಕೇ ಬಣ್ಣ. ಎಲೆಯ ಚಿತ್ರ ಬರೆದು ಮನುಷ್ಯನನ್ನು ಗಿಡ ಮಾಡುವುದು ಇದರ ಉದ್ದೇಶವಲ್ಲ. ಕಣ್ಣು ಮೊದಲು ಹುಡುಕುವುದು ಅಂಚನ್ನು: ತಲೆ, ಭುಜ, ತೋಳಿನ ಗೆರೆ. ಕಪ್ಪು ಮಚ್ಚೆ ತೋಳಿನ ನಡುವಿನಲ್ಲಿ ಮುಗಿಯದೆ ಅಂಚಿಗೆ ಬಂದು ಕಡಿದುಹೋದಂತಿದ್ದರೆ ಆ ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ತೋಳು ತೋಳಾಗಿ ಕಾಣುವುದಿಲ್ಲ, ನೆರಳಿನ ಒಂದು ಚೂರು, ಬಿಸಿಲಿನ ಒಂದು ಚೂರು ಆಗುತ್ತದೆ. ಹುಲಿಯ ಪಟ್ಟೆಯದೂ ಇದೇ ಲೆಕ್ಕ. ಅದರ ಕೇಸರಿ ಮೈ ನಮಗೆ ಎದ್ದು ಕಂಡರೂ, ಕೆಂಪು ಹಸಿರು ಬೇರ್ಪಡಿಸಲಾಗದ ಜಿಂಕೆಯ ಕಣ್ಣಿಗೆ ಹಸಿರಿನ ಜೊತೆ ಸೇರಿಹೋಗುತ್ತದೆ.

ಮಚ್ಚೆ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ದೂರ ತೀರ್ಮಾನಿಸುತ್ತದೆ. ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲದ್ದು ಸುಮಾರು ಡಿಗ್ರಿಯ ಅರವತ್ತನೇ ಒಂದು ಭಾಗ. 100 ಮೀಟರಿಗೆ ಅದು ಸುಮಾರು 3 ಸೆಂಟಿಮೀಟರ್, 300 ಮೀಟರಿಗೆ ಸುಮಾರು 9. ಅದಕ್ಕಿಂತ ಚಿಕ್ಕ ಮಚ್ಚೆಗಳು ಕಲಸಿ ಒಂದೇ ಬಣ್ಣದ ಮುದ್ದೆಯಾಗುತ್ತವೆ, ಮುದ್ದೆಗೆ ಮತ್ತೆ ಮನುಷ್ಯನ ಆಕಾರ ಬರುತ್ತದೆ. 1948ರಲ್ಲಿ ರೂಪಿಸಿ ವಿಯೆಟ್ನಾಂನಲ್ಲಿ ಬಳಸಿದ ಇಆರ್‌ಡಿಎಲ್ (ಅಮೆರಿಕದ ಸೇನೆಯ ಸಂಶೋಧನಾಲಯದ ಹೆಸರಿನದು) ವಿನ್ಯಾಸವನ್ನೇ ಶೇ. 60ರಷ್ಟು ಹಿಗ್ಗಿಸಿ ವುಡ್‌ಲ್ಯಾಂಡ್ ಮಾಡಿದ್ದು ಇದೇ ಕಾರಣಕ್ಕೆ. 2004ರಲ್ಲಿ ಅಮೆರಿಕದ ಸೇನೆ ತಂದ ಬೂದು ಬಣ್ಣದ ಯುಸಿಪಿ ಎಂಬ ಪ್ರಿಂಟ್ ಈ ಪಾಠವನ್ನೇ ಮರೆಯಿತು: ಸಣ್ಣ ಚೌಕ, ಒಂದಕ್ಕೊಂದು ಹತ್ತಿರದ ಮೂರು ತಿಳಿ ಬಣ್ಣ, ಕಪ್ಪೇ ಇಲ್ಲ. 2019ಕ್ಕೆ ಅದನ್ನು ಪೂರ್ತಿ ಕೈಬಿಟ್ಟರು.

ವುಡ್‌ಲ್ಯಾಂಡಿಗೂ ಮಿತಿಯಿದೆ. ಅದು ಒದ್ದೆ ಹಸಿರು ಕಾಡಿನ ಬಣ್ಣ. ಜುಲೈ ತಿಂಗಳ ಮಲೆನಾಡಿನಲ್ಲಿ ನಡೆಯುತ್ತದೆ, ಮಾರ್ಚಿನ ಬಂಡೀಪುರದ ಒಣ ಹುಲ್ಲಿನ ಮುಂದೆ ಕಪ್ಪಗೆ ಎದ್ದು ನಿಲ್ಲುತ್ತದೆ. ಅಲುಗಿದರಂತೂ ಯಾವ ಪ್ರಿಂಟೂ ಕಾಪಾಡದು. ಸಫಾರಿ ಜೀಪಿನಲ್ಲಿ ಕೂತವರ ಕ್ಯಾಮೊ ಫೋಟೊಗಷ್ಟೇ ಚೆನ್ನ.

ಬರಿಗಣ್ಣಿಗೆ ಕಾಣದ ಇನ್ನೊಂದು ಕೆಲಸವೂ ಈ ಬಟ್ಟೆಯಲ್ಲಿದೆ. ಎಲೆಗಳು ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆಸೆಯುತ್ತವೆ, ರಾತ್ರಿ ದುರ್ಬೀನಿನಲ್ಲಿ ಬೆಳ್ಳಗೆ ಕಾಣುತ್ತವೆ. ಅದಕ್ಕೆ ಹೊಂದುವಂತೆ ಸೇನೆಯ ಬಟ್ಟೆಯ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಹೊಳಪು ಕೊಟ್ಟಿರುತ್ತಾರೆ. ಪರೀಕ್ಷೆ ಮನೆಯಲ್ಲೇ ಆಗುತ್ತದೆ: ರಾತ್ರಿ ದೀಪ ಆರಿಸಿ, ಕಪ್ಪುಬಿಳುಪಿಗೆ ತಿರುಗಿದ ಸಿಸಿಟಿವಿ ಕ್ಯಾಮೆರಾದ ಮುಂದೆ ಜಾಕೆಟ್ ಹಿಡಿಯಿರಿ. ಅಸಲಿಯಲ್ಲಿ ಕಪ್ಪು ಮಚ್ಚೆ ಕಪ್ಪಾಗಿಯೇ ಉಳಿದು ವಿನ್ಯಾಸ ಕಾಣುತ್ತದೆ. ಅಗ್ಗದ ನಕಲಿನಲ್ಲಿ ನಾಲ್ಕೂ ಬಣ್ಣ ಅಳಿಸಿಹೋಗಿ ಬಿಳಿ ಬೆಡ್‌ಶೀಟ್ ಹಿಡಿದಂತಿರುತ್ತದೆ.

ಒಗೆಯುವಾಗ ಗಂಜಿ, ಬ್ಲೀಚ್ ಎರಡೂ ದೂರ. ಬಿಳುಪಿಗೆ ಹೊಳಪು ತರುವ ಸೋಪಿನ ಪುಡಿಯೂ ಬೇಡ, ಅದರ ಅಂಶ ನೂಲಿನಲ್ಲೇ ಉಳಿದು ನೀಲಿಯಾಗಿ ಮಿನುಗುತ್ತದೆ. ಖೋಟಾ ನೋಟು ಹಿಡಿಯುವ ಯುವಿ ದೀಪ ಬಿಟ್ಟರೆ ಗೊತ್ತಾಗುತ್ತದೆ. ಜಿಂಕೆಗೆ ಆ ನೀಲಿ ತುದಿಯ ಬೆಳಕು ನಮಗಿಂತ ಚೆನ್ನಾಗಿ ಕಾಣುತ್ತದೆ.

ನಮ್ಮ ಊರಿನಲ್ಲಿ ದಿನವೂ ತೊಡಲು ಇದೇ ಜಾಕೆಟ್ಟಿನ ಸಾದಾ ಆಲಿವ್ ಹಸಿರೇ ಮೇಲು. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೇನೆಯ ಉಡುಪನ್ನು ಹೋಲುವ ಬಟ್ಟೆ ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ 3 ತಿಂಗಳವರೆಗೆ ಜೈಲು ಇಲ್ಲವೇ ದಂಡ. ಕ್ರಿಕೆಟ್ ನೋಡಲು ಬಾರ್ಬಡೋಸ್‌ಗೆ ಹೋಗುವವರಂತೂ ಕ್ಯಾಮೊ ಪೆಟ್ಟಿಗೆಗೆ ಹಾಕಲೇಬೇಡಿ. ಅಲ್ಲಿ ಉದ್ದೇಶ ಏನೇ ಇರಲಿ, ಜನಸಾಮಾನ್ಯರು ತೊಟ್ಟರೇ ಅಪರಾಧ, ಮಕ್ಕಳ ಚಡ್ಡಿಗೂ ವಿನಾಯಿತಿಯಿಲ್ಲ.