ಕ್ರಾನ್, ಅನಾಕ್ರಾನ್, ಟೈಮರ್: ಕರೆಂಟ್ ಹೋಗುವ ಊರಲ್ಲಿ ಯಾವುದು ವಾಸಿ?

ಕೊಡಗಿನ ಗೋಣಿಕೊಪ್ಪದ ಒಂದು ಕಾಫಿ ಡಿಪೋದ ಕಂಪ್ಯೂಟರ್ ನಾನು ನೋಡಿಕೊಳ್ಳುತ್ತೇನೆ. ಯಾರ ಚೆರಿ (ಒಣಗಿಸಿದ ಕಾಫಿ ಹಣ್ಣು) ಎಷ್ಟು ಚೀಲ, ಮುಂಗಡ ಎಷ್ಟು, ಎಲ್ಲ ಅದರ ಡೇಟಾಬೇಸಾದ ಮೈಎಸ್‌ಕ್ಯೂಎಲ್‌ನಲ್ಲಿದೆ. ರಾತ್ರಿ 2ಕ್ಕೆ ಅದನ್ನು ಫೈಲಿಗೆ ಇಳಿಸಲು ಒಂದು ಸ್ಕ್ರಿಪ್ಟ್. ಅದನ್ನು ಹೊತ್ತಿಗೆ ಸರಿಯಾಗಿ ತಾನಾಗಿ ಓಡಿಸಲು ಲಿನಕ್ಸ್‌ನಲ್ಲಿ ನಾನು ನೋಡಿದ್ದು ಮೂರು ದಾರಿ: ಕ್ರಾನ್, ಅನಾಕ್ರಾನ್, ಟೈಮರ್. ಆದರೆ ಕಕ್ಕಡ ತಿಂಗಳ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೆ ಅಂತ ಯಾರೂ ಹೇಳುವುದಿಲ್ಲ.

ಮೊದಲು ಕ್ರಾನ್. ಒಂದೇ ಸಾಲು, ಸುಲಭ. ಆದರೆ 2ಕ್ಕೆ ಮೆಷಿನ್ ಆಫ್ ಇದ್ದರೆ ಆ ದಿನದ ಕೆಲಸ ಹೋಯಿತು, ಆಮೇಲೆ ಅದು ತಿರುಗಿಯೂ ನೋಡುವುದಿಲ್ಲ. ಇನ್ನೊಂದು ಕಾಟ: ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಇಲ್ಲ. ಫೈಲ್ ಹೆಸರಲ್ಲಿ ತಾರೀಕು ಹಾಕಲು ಆ ಸಾಲಿನಲ್ಲೇ ಬರೆದ ಶೇಕಡಾ ಚಿಹ್ನೆಯನ್ನು (%) ಕ್ರಾನ್, ಸಾಲು ಮುರಿಯುವ ಗುರುತು ಅಂದುಕೊಳ್ಳುತ್ತದೆ. ಅದಕ್ಕಿಂತ ಮುಂಚೆ ಬ್ಯಾಕ್‌ಸ್ಲ್ಯಾಶ್ (\) ಬೇಕು. ಇದಕ್ಕೆ ನನ್ನ ಒಂದು ಭಾನುವಾರ ಪೂರ್ತಿ ಹೋಯಿತು.

ಅನಾಕ್ರಾನ್ ತಪ್ಪಿದ ಕೆಲಸವನ್ನು ಕರೆಂಟ್ ಬಂದ ಮೇಲೆ ಮಾಡುತ್ತದೆ. ಆದರೆ ಅದರ ಲೆಕ್ಕ ದಿನಗಳದ್ದು, ಗಂಟೆಯದ್ದಲ್ಲ. ಒಂದು ದಿನ ಬೆಳಿಗ್ಗೆ ಕರೆಂಟ್ ಬಂತು, ಅದೂ ಶುರುವಾಯಿತು. ಕಟ್ಟಿಟ್ಟ ಚೆರಿ ಮಾರಲು ಬಂದವರು ಸಾಲಾಗಿ ನಿಂತಿದ್ದರು, ಬಿಲ್ ಮಾತ್ರ ಸೇವ್ ಆಗುತ್ತಿಲ್ಲ. "ಏನಪ್ಪಾ ಇದು?" ಅಂದರು ಸಾಹುಕಾರ್ರು. ಸುಮ್ನೆ ಅನಾಕ್ರಾನನ್ನು ಬೈದೆ. ನಿಜವಾಗಿ ಟೇಬಲ್‌ಗಳಿಗೆ ಬೀಗ ಹಾಕಿದ್ದು ಫೈಲಿಗೆ ಇಳಿಸುವ ಮೈಎಸ್‌ಕ್ಯೂಎಲ್‌ಡಂಪ್. ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಕೊಟ್ಟರೆ ಇನ್ನೋಡಿಬಿ ಎಂಬ ಬಗೆಯ ಟೇಬಲ್‌ಗಳಿಗೆ ಆ ಬೀಗ ಬೀಳುವುದಿಲ್ಲ.

ಈಗ ನನ್ನ ಮತ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಟೈಮರ್‌ಗೆ. ಎರಡು ಫೈಲ್ (ಟೈಮರ್, ಸರ್ವಿಸ್) ಬರೆಯಬೇಕು, ಅದೊಂದು ಬೇಜಾರು. ಆದರೆ ಹೊತ್ತನ್ನೂ ಹೇಳಬಹುದು, ಪರ್ಸಿಸ್ಟೆಂಟ್ ಅನ್ನು ಟ್ರೂ ಮಾಡಿದರೆ ತಪ್ಪಿದ್ದನ್ನೂ ಮಾಡುತ್ತದೆ. ಹಿಂದಿನ ಓಟ ಮುಗಿಯದಿದ್ದರೆ ಅದರ ಮೇಲೆ ಇನ್ನೊಂದನ್ನು ಹೊರಡಿಸುವುದಿಲ್ಲ. ಏನಾಯಿತು ಅಂತ ಅದರ ದಾಖಲೆಯಾದ ಜರ್ನಲ್‌ನಲ್ಲಿ ಓದಬಹುದು.

ಒಂದು ವಿಷಯದಲ್ಲಿ ಮಾತ್ರ ಮೂರೂ ಒಂದೇ: ಫೈಲ್ ಖಾಲಿಯೇ ಅಂತ ಯಾವುದೂ ನೋಡುವುದಿಲ್ಲ. ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ ನಾನು ಸ್ಕ್ರಿಪ್ಟಿನಲ್ಲಿ ಬದಲಿಸಲು ಮರೆತಿದ್ದೆ. ಒಂಬತ್ತು ದಿನ ಫೈಲ್ ತಪ್ಪದೆ ಬಂತು, ಒಂದೊಂದೂ 20 ಬೈಟ್. ಖಾಲಿಯನ್ನು ಜಿಜಿಪ್‌ನಿಂದ ಕುಗ್ಗಿಸಿದರೆ ಅಷ್ಟೇ ಅಲ್ವಾ ಸಿಗುವುದು! ಒಂದರ ಔಟ್‌ಪುಟ್ ಇನ್ನೊಂದಕ್ಕೆ ಕೊಡುವ ಪೈಪಿನ ಮೊದಲ ತುದಿಯಲ್ಲಿ ಡಂಪ್ ಸೋತರೂ ಕೊನೆಯ ಜಿಜಿಪ್ ಗೆದ್ದಿತ್ತು, ಸ್ಕ್ರಿಪ್ಟ್ ಓಡಿಸುವ ಶೆಲ್ (ನನ್ನದು ಬ್ಯಾಷ್) ಕೇಳುವುದು ಕೊನೆಯವನ ಮಾತು. ಬ್ಯಾಷ್‌ನಲ್ಲಿ ಪೈಪ್‌ಫೇಲ್ ಹಾಕಿದ ಮೇಲೆ (ಯಾವ ತುದಿ ಸೋತರೂ ಸೋಲೇ) ಟೈಮರ್‌ನ ಸರ್ವಿಸ್ 'ಫೇಲ್ಡ್' ಅಂತ ತೋರಿಸತೊಡಗಿತು. ಜೊತೆಗೆ ಫೈಲಿನ ಕೊನೆಯಲ್ಲಿ 'ಡಂಪ್ ಕಂಪ್ಲೀಟೆಡ್' ಸಾಲು ಇದೆಯಾ ಅಂತ ಸ್ಕ್ರಿಪ್ಟೇ ನೋಡುತ್ತದೆ. ಇಲ್ಲದಿದ್ದರೆ ಹಳೆಯ ಫೈಲ್ ಅಳಿಸುವುದಿಲ್ಲ.